ಒಂದು ಕಡೆ ಉಳಿಸಿದ್ದು

ಎದೆನೋವು ಬಂದವನ ಮನೆಗೆ ಜನ ಹಣ್ಣು ತೆಗೆದುಕೊಂಡು ಹೋಗುತ್ತಾರೆ. ಕಾಲು ಮುರಿದವನ ಮನೆಗೆ ಹೋಗಿ ಯಾವ ಎಣ್ಣೆ ತಿಕ್ಕಬೇಕು ಎಂದು ಹೇಳಿ ಬರುತ್ತಾರೆ. ಗಂಡಸಿನ ಆ ಜಾಗಕ್ಕೆ ಕಾಯಿಲೆ ಬಂದರೆ ಮಾತ್ರ ಯಾರೂ ಮನೆಯೊಳಗೆ ಬರುವುದಿಲ್ಲ, ಟೀ ಅಂಗಡಿಯಲ್ಲೇ ಕೂತು ವಿಚಾರಿಸುತ್ತಾರೆ. ನನಗೆ ಬಂದದ್ದು ಅಂಥ ಕಾಯಿಲೆ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಐವತ್ತು ದಾಟಿ ಸ್ವಲ್ಪವೇ ಆಗಿತ್ತು. ಬದುಕಿಕೊಂಡೆ. ಬದುಕಿದ್ದಕ್ಕೆ ಊರು ನನ್ನಿಂದ, ಅದಕ್ಕಿಂತ ಹೆಚ್ಚಾಗಿ ನನ್ನ ಹೆಂಡತಿಯಿಂದ ಏನು ಕಿತ್ತುಕೊಂಡಿತು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಇದೇ ಕಾಯಿಲೆ ಬಂದು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತ ಗಂಡಸೊಬ್ಬ ಓದಿದರೆ, ಅವನ ಹೆಂಡತಿಯೂ ಓದಿದರೆ ಅಷ್ಟು ಸಾಕು.

ಬೂಕನಕೆರೆಯ ಹತ್ತಿರದ ಹಳ್ಳಿ ನಮ್ಮದು. ನನ್ನ ಕೆಲಸ ಹಾಲಿನ ಡೈರಿಯ ಕಡೆಯಿಂದ ಹಸುಗಳಿಗೆ ಗಬ್ಬದ ಇಂಜೆಕ್ಷನ್ ಹಾಕುವುದು. ಒಳ್ಳೆಯ ತಳಿಯ ಹೋರಿಯ ವೀರ್ಯ ಕಡ್ಡಿಯಂಥ ಸಣ್ಣ ನಳಿಕೆಗಳಲ್ಲಿ ಬರುತ್ತಿತ್ತು. ಅದನ್ನು ದ್ರವ ಸಾರಜನಕ ತುಂಬಿದ ಕ್ಯಾನಿನಲ್ಲಿ ಮುಳುಗಿಸಿ ಇಡುತ್ತಿದ್ದೆವು. ಮುಚ್ಚಳ ತೆಗೆದರೆ ಬಿಳಿ ಹೊಗೆ ಬರುವ, ಬೆರಳು ಅದ್ದಿದರೆ ಬೆರಳೇ ಸಾಯುವ ಚಳಿ ಅದು. ಆ ಚಳಿಯಲ್ಲಿ ಜೀವ ವರ್ಷಗಟ್ಟಲೆ ಕೆಡದೆ ಕೂತಿರುತ್ತದೆ. ಬೆದೆಗೆ ಬಂದ ಹಸು ಇದೆ ಎಂದು ಯಾರಾದರೂ ಹೇಳಿ ಕಳಿಸಿದರೆ ಕ್ಯಾನನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಹೋಗುವುದು, ಕಡ್ಡಿಯನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸುವುದು, ಎಡಗೈಯನ್ನು ಹಸುವಿನ ಹಿಂದಿನಿಂದ ಮೊಣಕೈವರೆಗೆ ಹಾಕಿ ಗರ್ಭದ ಬಾಯಿ ಹಿಡಿದುಕೊಂಡು ಬಲಗೈಯಿಂದ ವೀರ್ಯ ಬಿಡುವುದು. ಶೀಳನೆರೆಯಿಂದ ಮಾಕವಳ್ಳಿಯ ಸಕ್ಕರೆ ಫ್ಯಾಕ್ಟರಿಯ ದಾರಿಯವರೆಗೂ ನನ್ನನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು.

ನಮ್ಮ ಕಡೆ ಈ ಕೆಲಸದಲ್ಲಿ ಕಡ್ಡಿಗಿಂತ ಕೈಗುಣ ದೊಡ್ಡದು. ಅದೇ ಹೋರಿಯ ವೀರ್ಯ, ಅದೇ ಕ್ಯಾನು ಆದರೂ ಒಬ್ಬ ಹಾಕಿದರೆ ಗಬ್ಬ ನಿಲ್ಲುತ್ತದೆ, ಇನ್ನೊಬ್ಬ ಹಾಕಿದರೆ ನಿಲ್ಲುವುದಿಲ್ಲ ಎಂದು ರೈತರು ನಂಬುತ್ತಿದ್ದರು. ಮಕ್ಕಳಿಲ್ಲದವನನ್ನು ಕೊಟ್ಟಿಗೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನನಗೆ ಇಬ್ಬರು ಮಕ್ಕಳು, ನಿಂತ ಗಬ್ಬಗಳಿಗೆ ಲೆಕ್ಕವಿರಲಿಲ್ಲ. ಆ ಹೆಸರಿನ ಮೇಲೆ ನನಗೆ ಬಹಳ ಜಂಬ ಇತ್ತು.

ಮೊದಲು ಕೆಟ್ಟದ್ದು ಮೂತ್ರ. ಗೋಡೆ ಕಡೆ ತಿರುಗಿ ನಿಂತರೆ ಹನಿ ಹನಿಯಾಗಿ ಬರುತ್ತಿತ್ತು. ಒಂದು ದಿನ ರಕ್ತ ಬಂತು. ಮೈಸೂರಿಗೆ ಹೋದೆ. ಅಲ್ಲಿ ಡಾಕ್ಟರು ಕೈಗೆ ಗ್ಲೌಸು ಹಾಕಿಕೊಂಡು, ಗೋಡೆ ಕಡೆ ತಿರುಗಿ ಮಲಗಿ ಎಂದರು. ನಾನು ದಿನವೂ ಹಸುಗಳಿಗೆ ಮಾಡುತ್ತಿದ್ದದ್ದನ್ನು ಅವರು ನನಗೆ ಮಾಡಿದರು. ಆಮೇಲೆ ರಕ್ತ ಪರೀಕ್ಷೆ, ಅದೇ ದಾರಿಯಲ್ಲಿ ಸೂಜಿ ಹಾಕಿ ಚೂರು ತೆಗೆಯುವುದು, ಕಾಯುವುದು. ಕಾಯುವ ಕೋಣೆಯ ಬೆಂಚಿನಲ್ಲಿ ನನ್ನಂಥವರೇ ಸಾಲಾಗಿ ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಏನು ಕಾಯಿಲೆ ಎಂದು ಒಬ್ಬ ಮುದುಕರನ್ನು ಕೇಳಿದ್ದಕ್ಕೆ ಅವರು ಸೊಂಟ ನೋವು ಎಂದರು. ನಾನೂ ಸೊಂಟ ನೋವು ಎಂದೆ.

ಕ್ಯಾನ್ಸರು ಎಂದು ಗೊತ್ತಾದ ದಿನ ನನ್ನ ಅಣ್ಣ ಬೋರೇಗೌಡರು ಮನೆಗೆ ಬಂದರು. ನಮ್ಮಪ್ಪ ಬೇಗ ತೀರಿಕೊಂಡಿದ್ದರಿಂದ ನಮ್ಮನ್ನು ಸಾಕಿದವರು ಅವರೇ. ಮನೆ ಬೇರೆಯಾಗಿದ್ದರೂ ಮಾತು ಅವರದೇ ನಡೆಯುತ್ತಿತ್ತು. ನನ್ನ ಹೆಂಡತಿ ಜಯಮ್ಮ ಮದುವೆಯಾಗಿ ಬಂದ ದಿನದಿಂದ ಅವರ ಎದುರು ಕೂತವಳಲ್ಲ, ಅವರ ಜೊತೆ ಮುಖ ಕೊಟ್ಟು ಮಾತಾಡಿದವಳೂ ಅಲ್ಲ. ಭಾವನ ಎದುರು ಸೊಸೆ ಬಾಗಿಲ ಹಿಂದೆ ನಿಲ್ಲಬೇಕು ಎನ್ನುವುದು ನಮ್ಮ ಮನೆಯ ನಡವಳಿಕೆ. ಅಣ್ಣ ಎಲ್ಲ ಕೇಳಿಕೊಂಡರು. ಆಮೇಲೆ ನನ್ನ ಬೆನ್ನು ತಟ್ಟಿ, "ಇಷ್ಟ್ ವರ್ಷ ಊರ್ ಹಸುಗೋಳ್ ಹಿಂದೆ ಕೈ ಹಾಕ್ದೆ ಕಣ್ಲಾ, ಈಗ ಅವೆಲ್ಲ ಸೇರ್ಕಂಡು ನಿನ್ಗೆ ಹಾಕಿಸ್ತಾವೆ" ಎಂದರು. ಅದು ಅವರು ಧೈರ್ಯ ಹೇಳುವ ರೀತಿ. ನಾನು ನಕ್ಕೆ. ಜಯಮ್ಮ ಒಳಗೆ ಅಳುತ್ತಿದ್ದಳು.

ಮೈಸೂರಿನವರು ಬೆಂಗಳೂರಿನ ಒಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಹೊರದೇಶದಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಕೊಯ್ಯದೆ, ಸುಡದೆ, ಹೆಪ್ಪುಗಟ್ಟಿಸಿ ವಾಸಿ ಮಾಡುತ್ತಾರೆ ಎಂದರು. ಹೆಪ್ಪುಗಟ್ಟಿಸುವುದು ಎಂದ ಕೂಡಲೇ ನನಗೆ ಹೋದ ಜೀವ ಬಂದ ಹಾಗಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಯಮ್ಮನಿಗೆ ಅದನ್ನೇ ಹೇಳಿದೆ. ಚಳಿಯಲ್ಲಿಟ್ಟದ್ದು ಕೆಡುವುದಿಲ್ಲ, ನಮ್ಮ ಕ್ಯಾನಿನಲ್ಲಿ ಹೇಗೆ ಜೀವ ಉಳಿಯುತ್ತದೋ ಹಾಗೆ ನನ್ನದನ್ನೂ ಉಳಿಸುತ್ತಾರೆ ಎಂದೆ. ಅವಳು ನಂಬಿದಳು. ಅವಳ ತವರು ನಾಗಮಂಗಲದ ಕಡೆ, ಅಲ್ಲಿಯ ದೇವರಿಗೆ ಬಸ್ಸಿನಲ್ಲೇ ಹರಕೆ ಕಟ್ಟಿಕೊಂಡಳು. ನನ್ನ ಕಸುಬಿನವನು ಬಿಟ್ಟರೆ ಇಂಥ ತಪ್ಪು ಯಾರೂ ಮಾಡುವುದಿಲ್ಲ.

ಆ ಡಾಕ್ಟರು ಒಳ್ಳೆಯವರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಾನು, ಅಣ್ಣ ಕುರ್ಚಿಯಲ್ಲಿ ಕೂತಿದ್ದೆವು, ಜಯಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಸೂಜಿಗಳನ್ನು ಒಳಗೆ ಹಾಕಿ ಅದರೊಳಗೆ ದ್ರವ ಸಾರಜನಕ ಹರಿಸುತ್ತಾರಂತೆ. ಗಡ್ಡೆ ಮಂಜಾಗುತ್ತದೆ. ಆಮೇಲೆ ನಿಧಾನವಾಗಿ ಕರಗಲು ಬಿಡುತ್ತಾರೆ, ಮತ್ತೆ ಮಂಜು ಮಾಡುತ್ತಾರೆ. ಹಾಗೆ ಮಾಡಿದರೆ ಅಲ್ಲಿರುವ ಜೀವಕಣ ಒಂದೂ ಉಳಿಯುವುದಿಲ್ಲ ಎಂದರು. ಅಲ್ಲಿಯವರೆಗೆ ತಲೆ ಆಡಿಸುತ್ತಿದ್ದ ನಾನು ನಿಲ್ಲಿಸಿದೆ. ಕರಗಿದ ಕಡ್ಡಿಯನ್ನು ಮತ್ತೆ ಕ್ಯಾನಿಗೆ ಹಾಕಬಾರದು, ಹಾಕಿದರೆ ಸತ್ತಿತೆಂದೇ ಲೆಕ್ಕ ಎಂದು ಹೊಸ ಹುಡುಗರಿಗೆ ಕಲಿಸುತ್ತಿದ್ದವನು ನಾನು. ಅದನ್ನೇ ಇವರು ಬೇಕೆಂದು ಮಾಡುತ್ತಾರೆ. ಉಳಿಸುವುದಕ್ಕಲ್ಲ, ಸಾಯಿಸುವುದಕ್ಕೆ.

ಎರಡು ದಾರಿ ಇದೆ ಎಂದರು ಡಾಕ್ಟರು. ಇಡೀ ಗ್ರಂಥಿಯನ್ನು ಮಂಜು ಮಾಡಿದರೆ ಕಾಯಿಲೆ ತಿರುಗಿ ಬರುವ ಭಯ ಕಡಿಮೆ, ಆದರೆ ಗಂಡ ಹೆಂಡಿರ ಸಂಬಂಧ ಅಲ್ಲಿಗೆ ಮುಗಿದ ಹಾಗೆಯೇ. ನನ್ನ ಗಡ್ಡೆ ಸಣ್ಣದು, ಬಲಗಡೆ ಮಾತ್ರ ಇದೆ. ಅಷ್ಟನ್ನೇ ಸಾಯಿಸಿ ಆ ಸಂಬಂಧಕ್ಕೆ ಬೇಕಾದ ಎಡಗಡೆಯ ನರ ಉಳಿಸುವ ಪ್ರಯತ್ನ ಮಾಡಬಹುದು. ಇದು ಹೊಸದು, ಖಾತ್ರಿ ಕೊಡಲಾರೆ, ಕಾಯಿಲೆ ಆ ಕಡೆ ಬಂದರೂ ಬರಬಹುದು, ಮೇಲಿಂದ ಮೇಲೆ ಪರೀಕ್ಷೆಗೆ ಬರುತ್ತಲೇ ಇರಬೇಕು. ಇಷ್ಟು ಹೇಳಿ ನನ್ನ ಮುಖ ನೋಡಿದರು.

ಉತ್ತರ ಅಣ್ಣ ಕೊಟ್ಟರು. "ಪೂರ್ತಿ ಮಾಡ್ಬುಡಿ ಸಾರ್. ಇಬ್ರು ಮಕ್ಳವ್ರೆ, ಇನ್ನೇನ್ ಆಗ್ಬೇಕು ಇವ್ನಿಗೆ? ಅದ್ನ ಇಟ್ಕಂಡು ಏನ್ ಪೂಜೆ ಮಾಡ್ತಾನಾ?"

ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ನನಗೆ ಬೇಕಿತ್ತು. ಜೀವ ಬೇಕು, ಅದರ ಜೊತೆ ಅದೂ ಬೇಕು ಎಂದು ಒಳಗೆ ಕೂಗುತ್ತಿತ್ತು. ಮಕ್ಕಳು ದೊಡ್ಡವರಾದ ಮೇಲೆ ನಾವಿಬ್ಬರೂ ಮೊದಲಿಗಿಂತ ಚೆನ್ನಾಗಿದ್ದೆವು, ಅದನ್ನು ಯಾರಿಗೆ ಹೇಳುವುದು? ಅಣ್ಣನ ಮಾತಿಗೆ ಎದುರು ಮಾತಾಡಿ ಅಭ್ಯಾಸವಿಲ್ಲದ ಬಾಯಿ, ಏಳಲೇ ಇಲ್ಲ. ನೆಲ ನೋಡುತ್ತ ಕೂತೆ.

ಆಗ ಬಾಗಿಲ ಕಡೆಯಿಂದ ಮಾತು ಬಂತು. "ಭಾವ, ನೀವ್ ಸುಮ್ಕಿರಿ. ಡಾಕ್ಟ್ರೇ, ಒಂದ್ ಕಡೆ ಉಳ್ಸಿ. ಅದು ನಮ್ಗೆ ಬೇಕು."

ಅಣ್ಣ ತಿರುಗಿ ನೋಡಿದರು. ಅಷ್ಟು ವರ್ಷದಲ್ಲಿ ಅವಳು ಅವರಿಗೆ ಹೇಳಿದ ಮೊದಲ ಮಾತು ಅದು. ಅವರ ಮುಖಕ್ಕೆ ರಕ್ತ ನುಗ್ಗಿತು. ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೊರಗೆ ಹೋದವರು ಆ ದಿನವೇ ಬಸ್ಸು ಹತ್ತಿ ಊರಿಗೆ ಹೊರಟುಬಿಟ್ಟರು. ಡಾಕ್ಟರು ಜಯಮ್ಮನನ್ನು ಕರೆದು ಅಣ್ಣನ ಕುರ್ಚಿಯಲ್ಲಿ ಕೂರಿಸಿದರು. ಅವಳು ತುದಿಯಲ್ಲಿ ಕೂತಳು.

ಆಪರೇಷನ್ನಿನ ದಿನ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ಕಾಲೆರಡನ್ನೂ ಮೇಲೆತ್ತಿ ಕಟ್ಟಿದರು. ಎಚ್ಚರವಾಗಿಯೇ ಇದ್ದೆ. ಮೂತ್ರದ ದಾರಿ ಮಂಜಾಗದಿರಲಿ ಎಂದು ಅದರೊಳಗೆ ನಳಿಕೆ ಹಾಕಿ ಬೆಚ್ಚಗಿನ ನೀರು ಹರಿಸುತ್ತಿದ್ದರು. ಯಾರೋ ಸಿಲಿಂಡರಿನ ಮುಚ್ಚಳ ತಿರುಗಿಸಿದರು. ಅದರಿಂದ ಬಂದ ಸುಂಯ್ ಎನ್ನುವ ಸದ್ದು ನನಗೆ ಹೆಂಡತಿಯ ದನಿಯಷ್ಟೇ ಪರಿಚಯ. ಎಷ್ಟು ಕೊಟ್ಟಿಗೆಗಳಲ್ಲಿ ಅದನ್ನು ಕೇಳಿಸಿಕೊಂಡು ಖುಷಿಪಟ್ಟಿದ್ದೆನೋ, ಆ ದಿನ ಕಿವಿ ಮುಚ್ಚಿಕೊಳ್ಳೋಣ ಎಂದರೆ ಕೈ ಕಟ್ಟಿದ್ದರು. ಭಯದಿಂದ ಅತ್ತೆ. ವಾರ್ಡಿನ ಆಯಾ ಒಬ್ಬಳು ಆಮೇಲೆ ನನ್ನನ್ನು ಹೊರಗೆ ತರುವಾಗ ದುಪ್ಪಟಿಯನ್ನು ಎರಡು ಮಡಿಕೆ ಮಾಡಿ ಸೊಂಟದ ಮೇಲೆ ಹೊದಿಸಿ, ಅದು ಜಾರದಂತೆ ವಾರ್ಡಿನವರೆಗೂ ಕೈಯಲ್ಲಿ ಹಿಡಿದುಕೊಂಡೇ ಬಂದಳು. ಅವಳ ಹೆಸರು ಕೇಳಲಿಲ್ಲ, ಆ ಕೈ ಮಾತ್ರ ನೆನಪಿದೆ.

ಊರಿಗೆ ಬರುವಾಗ ಮೂತ್ರದ ಚೀಲ ಇನ್ನೂ ಇತ್ತು. ಜಯಮ್ಮ ಅದನ್ನು ವೈರ್ ಬ್ಯಾಗಿನೊಳಗಿಟ್ಟು, ಮೇಲೆ ಸೊಪ್ಪು ಮುಚ್ಚಿ, ಬಸ್ಸಿನಲ್ಲಿ ನನ್ನ ಕಾಲ ಹತ್ತಿರ ಇಟ್ಟುಕೊಂಡು ಕೂತಳು. ಕೆಳಗೆಲ್ಲ ಊದಿ ಕಪ್ಪಗಾಗಿತ್ತು. ಅವಳೇ ತೊಳೆದಳು, ಅವಳೇ ಬಟ್ಟೆ ಬದಲಾಯಿಸಿದಳು. ಒಂದು ಸಲವೂ ಮುಖ ಸಿಂಡರಿಸಲಿಲ್ಲ.

ನಾವು ಬರುವುದಕ್ಕೆ ಮೊದಲೇ ಅವಳ ಮಾತು ಊರಿಗೆ ಬಂದಿತ್ತು. ಅಣ್ಣ ಸಿಟ್ಟಿನಲ್ಲಿ ಅತ್ತಿಗೆಗೆ ಹೇಳಿದ್ದರು, ಅತ್ತಿಗೆ ಬಾವಿಕಟ್ಟೆಗೆ ತಲುಪಿಸಿದ್ದರು. ಗಂಡ ಸಾಯೋ ಹೊತ್ತಿನಲ್ಲೂ ಅವಳಿಗೆ ಅದೇ ಬೇಕಂತೆ ಎಂದು ಊರೆಲ್ಲ ಆಡಿಕೊಂಡಿತು. ಮದುವೆಗೆ ಬಂದ ಮಗಳಿದ್ದಾಳೆ, ನಾಚಿಕೆ ಬೇಡವಾ ಎಂದರು. ಜಯಮ್ಮ ಅಂಗಡಿಗೆ ಹೋದರೆ ಅಂಗಡಿಯವನು ತಕ್ಕಡಿ ಹಿಡಿದುಕೊಂಡು, "ಏನ್ ಬೇಕು ಜಯಕ್ಕ?" ಎಂದು ಎಳೆದು ಕೇಳುತ್ತಿದ್ದ. ಸುತ್ತ ನಿಂತವರು ಬೇರೆ ಕಡೆ ತಿರುಗಿ ನಗುತ್ತಿದ್ದರು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿದ್ದ ಹೆಂಗಸರು ಅವಳ ಬೆನ್ನಿಗೇ ಅದೇ ಮಾತು ಆಡುತ್ತಿದ್ದರು. ಅವಳು ಬೇಕು ಎನ್ನುವ ಮಾತನ್ನೇ ಬಿಟ್ಟಳು. ಉಪ್ಪು ಕೊಡಿ, ಎಣ್ಣೆ ಹಾಕಿ ಎನ್ನುತ್ತಿದ್ದಳು. ಮನೆಯಲ್ಲೂ ಹಾಗೇ ಆಯಿತು, ನನ್ನ ಹತ್ತಿರವೂ. ನನಗೆ ಚೀಲ ತೆಗೆದ ಮೇಲೆ ತನ್ನ ಚಾಪೆಯನ್ನು ಎತ್ತಿಕೊಂಡು ಹೋಗಿ ನಡುಮನೆಯಲ್ಲಿ ಮಗಳ ಪಕ್ಕ ಹಾಸಿಕೊಂಡಳು. ಮಗಳು ಮಾತ್ರ ಅಮ್ಮನ ಪಕ್ಕದಿಂದ ಸ್ವಲ್ಪ ದೂರ ಸರಿದು ಮಲಗುತ್ತಿದ್ದಳು.

ಇತ್ತ ನನ್ನ ಕೈಗುಣದ ಮೇಲೂ ಕಣ್ಣು ಬಿದ್ದಿತ್ತು. ಕೆಲಸಕ್ಕೆ ಮತ್ತೆ ಹೋದಾಗ ಬೂಕನಕೆರೆಯ ನಿಂಗೇಗೌಡರ ಹಸು ನಾನು ಇಂಜೆಕ್ಷನ್ ಹಾಕಿದ ಮೇಲೂ ತಿರುಗಿ ಬೆದೆಗೆ ಬಂತು. ಹಸು ಹಾಗೆ ತಿರುಗುವುದು ಹೊಸದೇನಲ್ಲ, ಎಷ್ಟೋ ಸಲ ಎರಡನೆಯದಕ್ಕೆ ನಿಲ್ಲುತ್ತದೆ. ಆದರೆ ನಿಂಗೇಗೌಡರು ಕೊಟ್ಟಿಗೆಯ ಬಾಗಿಲಲ್ಲೇ ನನ್ನನ್ನು ತಡೆದರು. ಬೇಜಾರು ಮಾಡಿಕೊಳ್ಳಬೇಡ, ಪಾಂಡವಪುರದ ಕಡೆಯವನಿಗೆ ಹೇಳಿ ಕಳಿಸಿದ್ದೇನೆ ಎಂದರು. ಅವರು ನನ್ನ ಸೊಂಟದ ಕಡೆ ನೋಡುತ್ತ ಮಾತಾಡುತ್ತಿದ್ದರು. ಹಾಗೆ ಒಂದೊಂದೇ ಮನೆ ತಪ್ಪಿತು. ಉಳಿಸಿದ ನರಕ್ಕೆ ಶಕ್ತಿ ತಿರುಗಿ ಬರಲು ತಿಂಗಳುಗಟ್ಟಲೆ ಬೇಕು ಎಂದು ಡಾಕ್ಟರು ಹೇಳಿದ್ದರು, ನಾನು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ. ಸರಿಯಾಗಲಿ, ಒಂದು ಸಲ ಡಾಕ್ಟರು ಸರಿಯಾಗಿದೆ ಎನ್ನಲಿ, ಟೀ ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳುತ್ತೇನೆ, ಆಗ ನೋಡೋಣ ಈ ಮುಖಗಳನ್ನು ಎಂದುಕೊಳ್ಳುತ್ತಿದ್ದೆ.

ಸರಿಯಾಯಿತು. ನಿಧಾನವಾಗಿ, ನಂಬಿಕೆ ಕಳೆದುಕೊಂಡ ಮೇಲೆ ಒಂದು ಬೆಳಿಗ್ಗೆ ನನಗೇ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ವರ್ಷದ ಪರೀಕ್ಷೆಗೆ ಬೆಂಗಳೂರಿಗೆ ಹೋದಾಗ ಡಾಕ್ಟರು ರಕ್ತದ ವರದಿ ನೋಡಿ ಕಾಯಿಲೆ ಹತೋಟಿಯಲ್ಲಿದೆ ಎಂದರು, ಆಮೇಲೆ ಅದನ್ನು ಕೇಳಿದರು. ಬಂದಿದೆ ಸಾರ್ ಎಂದೆ. ಅವರಿಗೆ ನನಗಿಂತ ಹೆಚ್ಚು ಸಂತೋಷವಾಯಿತು. ಕಲಿಯುವ ಡಾಕ್ಟರುಗಳನ್ನು ಕರೆದು, ಇವರಿಗೆ ಎಡಗಡೆ ನರ ಉಳಿಯಿತು ನೋಡಿ ಎಂದು ತೋರಿಸಿದರು. ಅವರೆಲ್ಲ ನನ್ನನ್ನು ನೋಡಿ ತಲೆ ಆಡಿಸಿದರು. ಯಾರೂ ನಗಲಿಲ್ಲ. ಜಯಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಒಳಗೆ ಬಾ ಎಂದರೂ ಬಂದಿರಲಿಲ್ಲ.

ಬರುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು ಪಾಂಡವಪುರದ ಬಸ್ಸಿಗೆ ಕಾಯುತ್ತ ಕೂತೆವು. ನಡುಮಧ್ಯಾಹ್ನ. ಅವಳು ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಿದ್ದಳು. ಆಗ ಹೇಳಿದೆ. ಅವಳ ಕೈ ನಿಂತಿತು. ಕಣ್ಣು ತುಂಬಿಕೊಂಡಿತು, ಸೆರಗಿನಿಂದ ಒರೆಸಿಕೊಂಡಳು. ಇಳಿದ ಕೂಡಲೇ ಟೀ ಅಂಗಡಿಗೆ ಹೋಗುತ್ತೇನೆ, ಅಣ್ಣನನ್ನೂ ಕರೆಸುತ್ತೇನೆ, ನಿನ್ನ ಮಾತೇ ಸರಿಯಾಯಿತು ಎಂದು ಹೇಳುತ್ತೇನೆ ಎಂದೆ.

"ಬ್ಯಾಡಿ," ಎಂದಳು. "ಹೋಯ್ತು ಅಂತ ಹೇಳ್ಬುಡಿ."

ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂತು. ನನ್ನ ಕೈಗುಣದ ಗತಿಯೇನು, ಯಾರು ನನ್ನನ್ನು ಕೊಟ್ಟಿಗೆಗೆ ಕರೆಯುತ್ತಾರೆ, ಇಷ್ಟೆಲ್ಲ ನರಳಿ ಉಳಿಸಿಕೊಂಡದ್ದನ್ನು ಇಲ್ಲ ಎಂದು ಹೇಳಿಕೊಂಡು ತಿರುಗಲಾ ಎಂದು ಬಸ್ ಸ್ಟ್ಯಾಂಡಿನಲ್ಲೇ ಕೂಗಾಡಿದೆ. ಅಕ್ಕಪಕ್ಕದವರು ನೋಡಿದರು. ಅವಳು ಕಡಲೆಕಾಯಿ ಸಿಪ್ಪೆಯನ್ನು ಮಡಿಲಿನಿಂದ ಕೊಡವಿದಳು.

"ಐತೆ ಅಂದ್ರೆ ನಿಮ್ಗೆ ಮೀಸೆ. ನಂಗೆ? ಬೇಕು ಅಂದಿದ್ಳು, ಸಿಕ್ತಲ್ಲ ಬುಡು ಅಂತಾರೆ. ಇರೋಗಂಟ ಅಂತಾರೆ. ಮಗ್ಳ ಗಂಡಿನ್ ಕಡೇರ್ ಮುಂದೂ ಅಂತಾರೆ. ಹೋಯ್ತು ಅಂದ್ರೆ ಅಯ್ಯೋ ಪಾಪ ಅಂತ ಬುಟ್ಬುಡ್ತಾರೆ." ಉಳಿದ ಕಡಲೆಕಾಯಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತ ಮತ್ತೆ ಹೇಳಿದಳು. "ತಲೆ ಎತ್ಕಂಡು ಹಾಲಾಕಕ್ಕೆ ಹೋಗ್ಬೇಕು ನಾನು. ಅಷ್ಟ್ ಬೇಕು ನಂಗೆ."

ಬೇಕು ಎನ್ನುವ ಮಾತನ್ನು ಅವಳ ಬಾಯಲ್ಲಿ ಕೇಳಿ ಬಹಳ ಕಾಲವಾಗಿತ್ತು. ಬಸ್ಸು ಬಂತು, ಹತ್ತಿದೆವು. ಊರು ಬರುವವರೆಗೂ ನಾನು ಅವಳ ಜೊತೆ ಮಾತಾಡಲಿಲ್ಲ. ಆಸ್ಪತ್ರೆಯ ಆ ಕೋಣೆಯಲ್ಲಿ ನಾನು ನೆಲ ನೋಡುತ್ತ ಕೂತಿದ್ದಾಗ ನನಗಾಗಿ ಬಾಯಿ ಬಿಟ್ಟವಳು ಅವಳು. ಅದಕ್ಕೆ ಒಂದು ವರ್ಷ ಊರಿನ ಉಗುಳು ನುಂಗಿದ್ದಳು. ನಾನು ನನ್ನ ಹೆಸರಿನ ಬಗ್ಗೆ ಯೋಚಿಸುತ್ತ ಕೂತಿದ್ದೆ.

ಮರುದಿನ ಬೆಳಿಗ್ಗೆ ಡೈರಿಯ ಮುಂದೆ ಹಾಲಿನ ಸಾಲು ಇತ್ತು. ಜಯಮ್ಮ ಕೊನೆಯಲ್ಲಿ ನಿಂತಿದ್ದಳು. ಅಣ್ಣ ಕಟ್ಟೆಯ ಮೇಲೆ ಕೂತಿದ್ದರು, ನಿಂಗೇಗೌಡರೂ ಏನೋ ಕೆಲಸಕ್ಕೆ ಬಂದಿದ್ದರು. ಡಾಕ್ಟರು ಏನಂದರು ಎಂದು ನಿಂಗೇಗೌಡರೇ ಕೇಳಿದರು. ಎಲ್ಲರ ಕಿವಿ ಇತ್ತ ತಿರುಗಿತು.

"ಜೀವಕ್ಕೇನ್ ಇಲ್ವಂತೆ ಕಣಣ್ಣ," ಎಂದೆ. "ಅದು ಮಾತ್ರ ಹೋಯ್ತು. ಒಂದ್ ಕಡೆದೂ ಉಳೀನಿಲ್ಲ."

ಯಾರೋ ಒಬ್ಬ ಮೂಗಿನಲ್ಲಿ ನಕ್ಕ. ಅಣ್ಣ, "ನಾನ್ ಆವತ್ತೇ ಬಡ್ಕಂಡೆ" ಎಂದು ಕಟ್ಟೆಯಿಂದ ಇಳಿದು, ಬಹಳ ದಿನದ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿದರು. ಗೆದ್ದವರ ಪ್ರೀತಿ ಅದು, ಆ ಕೈಯನ್ನು ಕಿತ್ತೆಸೆಯಬೇಕು ಎನ್ನಿಸಿತು. ಸಾಲಿನಲ್ಲಿ ಹೆಂಗಸರು ಜಯಮ್ಮನ ಕಡೆ ತಿರುಗಿದರು. ಅವಳ ಬೆನ್ನಿಗೆ ಹೆಚ್ಚು ಆಡಿಕೊಂಡಿದ್ದವಳೇ ಅವಳ ಕ್ಯಾನು ಹಿಡಿದುಕೊಂಡು, "ಬಾ ಜಯಕ್ಕ, ಮುಂದಕ್ ಬಾ, ಪಾಪ" ಎಂದು ದಾರಿ ಬಿಟ್ಟಳು. ಜಯಮ್ಮ ತಲೆ ಬಗ್ಗಿಸಿಕೊಂಡೇ ಮುಂದೆ ಹೋದಳು. ಹಾಲು ಅಳೆಸಿ, ಹಿಂದಕ್ಕೆ ತಿರುಗಿದಾಗ ತಲೆ ಎತ್ತಿ ನಡೆದಳು.

ಆಮೇಲೆ ಯಾವ ಮನೆಯಿಂದಲೂ ನನಗೆ ಕರೆ ಬರಲಿಲ್ಲ. ಡೈರಿಯವರು ಕೆಲವು ವಾರ ನೋಡಿ, ಕ್ಯಾನನ್ನು ಬೇರೆಯವನಿಗೆ ಕೊಟ್ಟು ನನ್ನನ್ನು ಹಾಲಿನ ಜಿಡ್ಡು ನೋಡುವ ಮೇಜಿಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಮಗಳ ಮದುವೆ ಆಯಿತು, ಯಾರೂ ಏನೂ ಅನ್ನಲಿಲ್ಲ. ಆವತ್ತು ನಕ್ಕವರಲ್ಲಿ ಹೆಚ್ಚಿನವರು ಈಗ ಇಲ್ಲ, ಅಣ್ಣನೂ ಇಲ್ಲ. ಬರೀರಿ ಬುಡಿ ಎಂದು ಜಯಮ್ಮನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಕ್ಯಾನು ಕೊಟ್ಟ ದಿನದ್ದು ಒಂದು ಹೇಳಬೇಕು. ಮುಚ್ಚಳ ತೆಗೆದು ಎಷ್ಟು ಕಡ್ಡಿ ಇದೆ ಎಂದು ತೋರಿಸಿ, ಮೊಪೆಡ್ಡಿನ ಹಗ್ಗ ಬಿಚ್ಚಿ ಒಪ್ಪಿಸಿ ಬಂದೆ. ಮಧ್ಯಾಹ್ನವಾಗಿತ್ತು. ಮಕ್ಕಳು ಮನೆಯಲ್ಲಿರಲಿಲ್ಲ. ಜಯಮ್ಮ ನನ್ನ ಮುಖ ನೋಡಿದಳು. ನಡುಮನೆಯಿಂದ ಚಾಪೆ ಎತ್ತಿಕೊಂಡು ಬಂದು ಒಳಕೋಣೆಯಲ್ಲಿ ಹಾಸಿ, ಬಾಗಿಲ ಚಿಲಕ ಹಾಕಿದಳು. ವರ್ಷದ ಮೇಲೆ ಅವಳ ಪಕ್ಕ ಮಲಗಿದಾಗ ಇಡೀ ಊರಿಗೆ ಮೋಸ ಮಾಡಿ ಗೆದ್ದ ಹಾಗೆ ಅನ್ನಿಸಿ ನನಗೆ ನಗು ಉಕ್ಕಿ ಬಂತು, ಅದರ ಹಿಂದೆಯೇ ಅಳುವೂ ಬಂತು. ಅವಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಅಳೋದಾದ್ರೆ ಅಳಿ, ಹೊರಗ್ ಕೇಳ್ಸಿದ್ರೂ ಪರ್ವಾಗಿಲ್ಲ," ಎಂದಳು. "ನಗ್ಬ್ಯಾಡಿ."